ಚಹಾ ಅಗ್ಗವಾಗುತ್ತಿದ್ದರೂ ಬೋಸ್ಟನ್‌ನವರು ಅದನ್ನು ನೀರಿಗೆ ಸುರಿದದ್ದೇಕೆ?

ನೀಲಿಶಾಯಿ:
ಬ್ರಿಟನ್ ವಿಪರೀತ ತೆರಿಗೆ ಹೇರಿತು, ಅಮೆರಿಕದ 13 ವಸಾಹತುಗಳು ಸಿಡಿದೆದ್ದವು ಎಂದು ಎಲ್ಲೆಡೆ ಓದುತ್ತೇವೆ. ಆದರೆ ಲೆಕ್ಕ ಹಾಕಿದರೆ ತಾಳೆಯಾಗುವುದಿಲ್ಲ. 1764ರಲ್ಲಿ ಕಾಕಂಬಿಯ ಸುಂಕ ಗ್ಯಾಲನ್‌ಗೆ 6 ಪೆನ್ಸ್‌ನಿಂದ 3ಕ್ಕೆ ಇಳಿಯಿತು. ಕಾಗದಪತ್ರ, ಪತ್ರಿಕೆಗಳ ಮೇಲೆ ತೆರಿಗೆ ಹಾಕಿದ 1765ರ ಸ್ಟಾಂಪ್ ಕಾಯ್ದೆ ಮರುವರ್ಷವೇ ರದ್ದಾಯಿತು. ಗಾಜು, ಕಾಗದ, ಚಹಾ ಮುಂತಾದ ಆಮದಿನ ಮೇಲಿನ 1767ರ ಟೌನ್‌ಶೆಂಡ್ ಸುಂಕಗಳಲ್ಲಿ ಚಹಾದ್ದೊಂದನ್ನು ಉಳಿಸಿ ಮಿಕ್ಕವನ್ನೆಲ್ಲ 1770ರಲ್ಲಿ ತೆಗೆದರು. 1773ರ ಚಹಾ ಕಾಯ್ದೆಯಿಂದ ಬೆಲೆ ಇನ್ನೂ ಇಳಿಯುವುದಿತ್ತು. ಭಾರ ಕಡಿಮೆಯಾದಂತೆಲ್ಲ ಜಗಳ ಹೆಚ್ಚಿದ್ದು ಹೇಗೆ? ಚಹಾದ ಹಡಗುಗಳು ಬೇರೆ ಬಂದರುಗಳಿಗೂ ಹೋಗಿದ್ದವು. ಬೋಸ್ಟನ್‌ನಲ್ಲಿ ಮಾತ್ರ ಹಾಗೇಕಾಯಿತು?

ಸುಂಕದಕಟ್ಟೆ:
ಮೊದಲು ಕಾಕಂಬಿಯ ಲೆಕ್ಕ ಸರಿಪಡಿಸೋಣ. ನಿಮ್ಮ ಗೊಂದಲದ ಅರ್ಧ ಅಲ್ಲೇ ಇದೆ.

1733ರ ಕಾಯ್ದೆಯ 6 ಪೆನ್ಸ್ ಸುಂಕ ವಸೂಲಿಗೆಂದು ಇಟ್ಟದ್ದಲ್ಲ. ಫ್ರೆಂಚ್ ದ್ವೀಪಗಳ ಕಾಕಂಬಿ ಬರದಂತೆ ತಡೆದು ಬ್ರಿಟಿಷ್ ವೆಸ್ಟ್ ಇಂಡೀಸ್‌ನ ತೋಟಗಾರರನ್ನು ಕಾಪಾಡುವುದು ಅದರ ಉದ್ದೇಶ. ತನ್ನ ಬ್ರಾಂದಿ ವ್ಯಾಪಾರ ಕೆಡಬಾರದೆಂದು ಫ್ರಾನ್ಸ್ ರಮ್ ಅನ್ನು ಒಳಗೆ ಬಿಡುತ್ತಿರಲಿಲ್ಲ, ಹಾಗಾಗಿ ಆ ದ್ವೀಪಗಳಲ್ಲಿ ಕಾಕಂಬಿ ತೀರಾ ಅಗ್ಗ. ನ್ಯೂ ಇಂಗ್ಲೆಂಡ್‌ನ (ಮ್ಯಾಸಚೂಸೆಟ್ಸ್ ಸೇರಿದ ಈಶಾನ್ಯದ ವಸಾಹತುಗಳು) ರಮ್ ಭಟ್ಟಿಗಳು ನಡೆಯುತ್ತಿದ್ದದ್ದೇ ಅದರ ಮೇಲೆ. ಹೀಗಾಗಿ ವ್ಯಾಪಾರಿಗಳು ಸುಂಕದ ಅಧಿಕಾರಿಗೆ ಗ್ಯಾಲನ್‌ಗೆ ಪೆನ್ನಿಯೋ ಒಂದೂವರೆ ಪೆನ್ನಿಯೋ ಕೈಬಿಸಿ ಮಾಡಿ ಸರಕು ಇಳಿಸುತ್ತಿದ್ದರು. ಕಾಗದದಲ್ಲಿ 6 ಇದ್ದರೂ ಕೈಬಿಡುತ್ತಿದ್ದದ್ದು ಅದರ ಕಾಲುಭಾಗ. 1764ರಲ್ಲಿ 3 ಪೆನ್ಸ್ ಎಂದಾಗ ಅದನ್ನು ನಿಜವಾಗಿ ವಸೂಲು ಮಾಡುವ ಏರ್ಪಾಡೂ ಬಂತು. ಅಂದರೆ ವ್ಯಾಪಾರಿಯ ಪಾಲಿಗೆ ಅದು ಏರಿಕೆ.

ಏರ್ಪಾಡು ಎಂಥದ್ದು? ಹಡಗಿನ ಪ್ರತಿ ಸರಕಿಗೂ ಮುಚ್ಚಳಿಕೆ, ಪರವಾನಗಿ ಪತ್ರ. ಒಂದು ಕಾಗದ ತಪ್ಪಿದರೂ ಜಪ್ತಿ. ವಿಚಾರಣೆಯನ್ನು ಜ್ಯೂರಿಯಿಲ್ಲದ ನೌಕಾ ನ್ಯಾಯಾಲಯಕ್ಕೆ ಒಯ್ಯಬಹುದಿತ್ತು, ದೂರದ ಹ್ಯಾಲಿಫ್ಯಾಕ್ಸ್‌ನಲ್ಲೂ ಅಂಥದ್ದೊಂದು ಕೂತಿತು. ಸರಕು ಸಕ್ರಮ ಎಂದು ಸಾಬೀತು ಮಾಡುವ ಹೊಣೆ ಮಾಲೀಕನದು. ಆತ ಗೆದ್ದರೂ, ಶಂಕೆಗೆ ಕಾರಣವಿತ್ತು ಎಂದು ನ್ಯಾಯಾಧೀಶ ಬರೆದುಕೊಟ್ಟರೆ ಅಧಿಕಾರಿಯಿಂದ ನಷ್ಟ ಕೇಳುವಂತಿಲ್ಲ. ಜಪ್ತಿಯಲ್ಲಿ ಅಧಿಕಾರಿಗೂ ಗವರ್ನರ್‌ಗೂ ಪಾಲು ಇತ್ತು ಎಂಬುದನ್ನು ಇದಕ್ಕೆ ಸೇರಿಸಿ ನೋಡಿ.

1766ರಲ್ಲಿ ಸುಂಕ 1 ಪೆನ್ನಿಗೆ ಇಳಿಯಿತು, ಬ್ರಿಟಿಷ್ ಕಾಕಂಬಿಗೂ ಅನ್ವಯಿಸಿತು. ಹಳೆಯ ಲಂಚದಷ್ಟೇ ಆದ್ದರಿಂದ ವ್ಯಾಪಾರಿಗಳು ಹೆಚ್ಚು ಸದ್ದಿಲ್ಲದೆ ಕಟ್ಟಿದರು. ತತ್ತ್ವದ ಪ್ರಕಾರ ಅದೂ ಸಂಸತ್ತು ಹಾಕಿದ ತೆರಿಗೆಯೇ. ಎಲ್ಲ ಸುಂಕಕ್ಕೂ ವಿರೋಧ ಒಂದೇ ತೆರನಾಗಿರಲಿಲ್ಲ.

ಹಾಯಿಪಟ:
ಮೇಲಿನದಕ್ಕೆ ಒಪ್ಪಿಗೆ. ಆದರೆ ಜಗಳದ ಬೇರು ಸುಂಕದ ದರದಲ್ಲಿಲ್ಲ, ಆ ಹಣ ಯಾರ ಸಂಬಳಕ್ಕೆ ಹೋಗುತ್ತದೆ ಎಂಬುದರಲ್ಲಿದೆ.

ವರ್ಜೀನಿಯಾದ ಪ್ರತಿನಿಧಿ ಸಭೆ ಮೊದಲು ಸೇರಿದ್ದು 1619ರಲ್ಲಿ. ಅಲ್ಲಿಂದ ಸುಮಾರು ಒಂದೂವರೆ ಶತಮಾನದಲ್ಲಿ ವಸಾಹತುಗಳ ಸಭೆಗಳು ಒಂದು ಹಿಡಿತ ಸಾಧಿಸಿದ್ದವು: ಗವರ್ನರ್‌ನನ್ನು ರಾಜ ನೇಮಿಸಿದರೂ ಬಹಳ ಕಡೆ ಅವನ ಸಂಬಳ ಮಂಜೂರು ಮಾಡುವುದು ಸ್ಥಳೀಯ ಸಭೆ. ಮ್ಯಾಸಚೂಸೆಟ್ಸ್‌ನಲ್ಲಿ ವರ್ಷಕ್ಕೊಮ್ಮೆ ಮಂಜೂರಾತಿ. ಕಾಯಂ ಸಂಬಳ ಕೊಡಿ ಎಂದು 1728ರಲ್ಲಿ ಗವರ್ನರ್ ಬರ್ನೆಟ್ ಎಷ್ಟು ಹಟ ಹಿಡಿದರೂ ಸಭೆ ಜಗ್ಗಲಿಲ್ಲ. ಜುಟ್ಟು ಕೈಯಲ್ಲಿದ್ದರೆ ತಾನೇ ಮಾತು ನಡೆಯುವುದು!

ಫ್ರಾನ್ಸ್ ಜತೆಗಿನ ಏಳು ವರ್ಷಗಳ ಯುದ್ಧ 1763ರಲ್ಲಿ ಮುಗಿದಾಗ ಬ್ರಿಟನ್ನಿನ ಸಾಲ ಸುಮಾರು 7.5 ಕೋಟಿಯಿಂದ 13 ಕೋಟಿ ಪೌಂಡ್‌ಗೆ ಏರಿತ್ತು. ಅಮೆರಿಕದಲ್ಲಿ 10,000ದಷ್ಟು ಸೈನಿಕರನ್ನು ಇರಿಸುವ ಯೋಜನೆ ಬೇರೆ. ಹಣ ಬೇಕಿತ್ತು, ನಿಜ. ಆದರೆ 1767ರ ಟೌನ್‌ಶೆಂಡ್ ಕಾಯ್ದೆ ತನ್ನ ಪೀಠಿಕೆಯಲ್ಲೇ ಈ ಹಣ ವಸಾಹತುಗಳ ನ್ಯಾಯಾಂಗಕ್ಕೆ, ಆಡಳಿತಕ್ಕೆ ಎಂದಿತು. ಅಂದರೆ ಗವರ್ನರ್ ಮತ್ತು ನ್ಯಾಯಾಧೀಶರು ಇನ್ನು ಸ್ಥಳೀಯ ಸಭೆಯ ಮುಖ ನೋಡಬೇಕಿಲ್ಲ. 1772ರಲ್ಲಿ ಮ್ಯಾಸಚೂಸೆಟ್ಸ್ ಗವರ್ನರ್ ಹಚಿನ್ಸನ್ ತನ್ನ ಸಂಬಳ ರಾಜನಿಂದ ಬರುತ್ತದೆ ಎಂದು ತಿಳಿಸಿದ, ನ್ಯಾಯಾಧೀಶರಿಗೂ ಹಾಗೇ ಆಗಲಿದೆ ಎಂಬ ಸುದ್ದಿ ಹಿಂದೆಯೇ ಬಂತು. ಸ್ಯಾಮ್ಯುಯೆಲ್ ಆಡಮ್ಸ್ ಮುಂದಾಳತ್ವದಲ್ಲಿ ಊರೂರುಗಳಿಗೆ ಪತ್ರ ಬರೆದು ವಿರೋಧವನ್ನು ಒಗ್ಗೂಡಿಸುವ ಬೋಸ್ಟನ್‌ನ ಪತ್ರವ್ಯವಹಾರ ಸಮಿತಿ ಹುಟ್ಟಿದ್ದು ಅದೇ ನವೆಂಬರ್‌ನಲ್ಲಿ, ಅದೇ ಕಾರಣಕ್ಕೆ.

ಈಗ ಚಹಾಕ್ಕೆ ಬನ್ನಿ. ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಗೋದಾಮುಗಳಲ್ಲಿ ಸುಮಾರು 1.7 ಕೋಟಿ ಪೌಂಡ್ ತೂಕದ ಚಹಾ ಕೊಳೆಯುತ್ತಿತ್ತು. 1773ರ ಕಾಯ್ದೆ ಲಂಡನ್ನಿನ ಆಮದು ಸುಂಕವನ್ನು ಪೂರ್ತಿ ಹಿಂತಿರುಗಿಸಿತು, ಕಂಪನಿ ನೇರವಾಗಿ ತನ್ನ ಆಯ್ದ ಏಜೆಂಟರಿಗೆ ಸರಕು ಕಳಿಸಲು ಬಿಟ್ಟಿತು. ಅಮೆರಿಕದಲ್ಲಿ ಕಟ್ಟಬೇಕಿದ್ದ ಪೌಂಡಿಗೆ 3 ಪೆನ್ಸ್ ಮಾತ್ರ ಉಳಿಯಿತು. ಅದನ್ನೂ ತೆಗೆಯಿರಿ ಎಂದು ಸಂಸತ್ತಿನಲ್ಲೇ ಕೆಲವರು ಹೇಳಿದರು, ಪ್ರಧಾನಿ ಲಾರ್ಡ್ ನಾರ್ತ್ ಒಪ್ಪಲಿಲ್ಲ. ಆ ಸಂಬಳಗಳ ಮೂಲ ಅದೇ ಆಗಿತ್ತಲ್ಲ. ಚಹಾ ಅಗ್ಗವಾದಷ್ಟೂ ಜನ ಕೊಳ್ಳುತ್ತಾರೆ, ಕೊಂಡಷ್ಟೂ ಸಭೆಯ ಹಿಡಿತ ಸಡಿಲಾಗುತ್ತದೆ. ಅಗ್ಗವಾದದ್ದೇ ಅಪಾಯವಾಗಿ ಕಂಡದ್ದು ಹೀಗೆ. ಕಳ್ಳಸಾಗಣೆಯ ಡಚ್ ಚಹಾ ಮಾರುತ್ತಿದ್ದವರ ಹೊಟ್ಟೆಗೂ ಇದರಿಂದ ಪೆಟ್ಟು ಬೀಳುತ್ತಿತ್ತು, ಅದನ್ನು ಮರೆಮಾಚಬೇಕಿಲ್ಲ.

ಬೆಟ್ಟದಸಾಲು:
ಇಬ್ಬರೂ ಬಂದರಿನ ಕಡೆಯಿಂದಲೇ ನೋಡುತ್ತಿದ್ದೀರಿ. ವರ್ಜೀನಿಯಾಕ್ಕೆ ನೆಲವೂ ಸಾಲವೂ ಅಷ್ಟೇ ಮುಖ್ಯ. 1763ರ ಅಕ್ಟೋಬರ್ 7ರ ರಾಜಘೋಷಣೆ ಅಪಲಾಚಿಯನ್ ಬೆಟ್ಟಗಳಾಚೆ ನೆಲೆ ಊರುವುದನ್ನು ನಿಷೇಧಿಸಿತು. ಆಚೆಗಿನ ನೆಲಕ್ಕೆ ಓಹಾಯೊ ಕಂಪನಿಯಂಥ ಭೂವ್ಯಾಪಾರದ ಸಂಸ್ಥೆಗಳು ಆಗಲೇ ಕಣ್ಣು ಹಾಕಿದ್ದವು. ಅದು ಅಲ್ಲಿ ಬದುಕುತ್ತಿದ್ದ ಮೂಲನಿವಾಸಿಗಳ ನೆಲ. ವಸಾಹತುಗಾರರ ಸ್ವಾತಂತ್ರ್ಯದ ಮಾತಿನಲ್ಲಿ ಅವರಿಗೆ ಜಾಗವಿರಲಿಲ್ಲ ಎಂಬುದನ್ನು ಹೇಳದೆ ಈ ಚರ್ಚೆ ಮುಗಿಸಬಾರದು. ಇನ್ನು 1764ರ ನಾಣ್ಯ ಕಾಯ್ದೆ ನ್ಯೂ ಇಂಗ್ಲೆಂಡಿಗೆ ದಕ್ಷಿಣಕ್ಕಿದ್ದ ವಸಾಹತುಗಳು ಸಾಲ ತೀರಿಸಲು ಒಪ್ಪಲೇಬೇಕಾದ ಹೊಸ ಕಾಗದದ ಹಣ ಹೊರಡಿಸುವುದನ್ನು ತಡೆಯಿತು. ಬೆಳ್ಳಿ ನಾಣ್ಯ ಮೊದಲೇ ವಿರಳ, ತಂಬಾಕು ಬೆಳೆಗಾರರು ಬ್ರಿಟಿಷ್ ವರ್ತಕರಿಗೆ ಸಾಲಗಾರರು, ಅದರ ಮೇಲೆ ಸ್ಟಾಂಪ್ ಸುಂಕವನ್ನು ಸ್ಟರ್ಲಿಂಗ್ (ಬ್ರಿಟಿಷ್ ಹಣ) ಲೆಕ್ಕದಲ್ಲೇ ಕಟ್ಟಬೇಕು.

ಮ್ಯಾಂಚೆಸ್ಟರ್‌ಗೂ ಸಂಸತ್ ಸದಸ್ಯರಿಲ್ಲ, ಅವರೂ ತೆರಿಗೆ ಕಟ್ಟುತ್ತಾರಲ್ಲ ಎಂಬುದು ಲಂಡನ್ನಿನ ಪ್ರತಿವಾದ. ಅದಕ್ಕೆ ವಸಾಹತುಗಳ ಉತ್ತರ ಗಟ್ಟಿಯಾಗಿತ್ತು: ಮ್ಯಾಂಚೆಸ್ಟರ್ ಮೇಲೆ ತೆರಿಗೆ ಹಾಕುವ ಸದಸ್ಯ ಅದೇ ತೆರಿಗೆಯನ್ನು ತಾನೂ ಕಟ್ಟುತ್ತಾನೆ, ಅಮೆರಿಕದ ಮೇಲೆ ಹಾಕಿದರೆ ಅವನದೇ ಹೊರೆ ಇಳಿಯುತ್ತದೆ.

ನೀಲಿಶಾಯಿ:
ಸಂಬಳದ ವಿಷಯ ನನಗೆ ಹೊಳೆದೇ ಇರಲಿಲ್ಲ, ಧನ್ಯವಾದ. ಬೋಸ್ಟನ್ ಪ್ರಶ್ನೆ ಉಳಿಯಿತು.

ಹಾಯಿಪಟ:
ಅದು 20 ದಿನದ ನಿಯಮದ ಕಥೆ. ಹಡಗು ಬಂದರಿನಲ್ಲಿ ದಾಖಲಾದ 20 ದಿನದೊಳಗೆ ಸುಂಕ ಕಟ್ಟದಿದ್ದರೆ ಸರಕನ್ನು ಸುಂಕದವರು ವಶಪಡಿಸಿಕೊಳ್ಳಬಹುದು. ಆಮೇಲೆ ಹರಾಜಾದರೆ ಸುಂಕ ಸಂದಂತೆಯೇ.

ಫಿಲಡೆಲ್ಫಿಯಾಕ್ಕೆ ಬಂದ ಪಾಲಿ ಹಡಗು ಸುಂಕದ ಕಟ್ಟೆಯಲ್ಲಿ ದಾಖಲಾಗದೆಯೇ ಹಿಂತಿರುಗಿತು. ಚಾರ್ಲ್ಸ್‌ಟನ್‌ನಲ್ಲಿ ಏಜೆಂಟರು ಕೈಬಿಟ್ಟರು. ಗಡುವು ಮುಗಿದಾಗ ಚಹಾ ವಶವಾಗಿ ನೆಲಮಾಳಿಗೆ ಸೇರಿತು, ಆಗ ಮಾರಾಟವಾಗಲಿಲ್ಲ. ಬೋಸ್ಟನ್‌ನಲ್ಲಿ ಎರಡು ದಾರಿಯೂ ಮುಚ್ಚಿದ್ದವು. ಹಚಿನ್ಸನ್‌ನ ಇಬ್ಬರು ಮಕ್ಕಳೇ ಏಜೆಂಟರಲ್ಲಿ ಸೇರಿದ್ದರು, ಅವರು ರಾಜೀನಾಮೆ ಕೊಡಲಿಲ್ಲ. ಡಾರ್ಟ್‌ಮತ್ ಹಡಗು 1773ರ ನವೆಂಬರ್ 28ರಂದು ಬಂದು ದಾಖಲಾಗಿಬಿಟ್ಟಿತ್ತು. ಗವರ್ನರ್‌ನ ರಹದಾರಿ ಇಲ್ಲದೆ ಹೊರಟರೆ ಕೋಟೆಯ ಫಿರಂಗಿ ಎದುರಿಗಿದೆ, ರಹದಾರಿ ಕೊಡಲು ಆತ ಒಪ್ಪಲಿಲ್ಲ. ಗಡುವಿನ ಹಿಂದಿನ ರಾತ್ರಿ, ಡಿಸೆಂಬರ್ 16ರಂದು, ಮೂರು ಹಡಗುಗಳ 342 ಪೆಟ್ಟಿಗೆ ನೀರಿಗೆ ಹೋದವು. ಇಳಿತದ ಸಮಯವಾದ್ದರಿಂದ ಚಹಾ ಹಡಗಿನ ಪಕ್ಕದಲ್ಲೇ ಗುಡ್ಡೆಯಾಯಿತು.

ಸುಂಕದಕಟ್ಟೆ:
ಒಂದು ಸೇರ್ಪಡೆ. ಇದಕ್ಕೆ ಪ್ರತಿಯಾಗಿ ಸಂಸತ್ತು ತಂದ 1774ರ ಶಿಕ್ಷಾ ಕಾಯ್ದೆಗಳಲ್ಲಿ ಬಂದರು ಮುಚ್ಚಿದ್ದೇ ಹೆಚ್ಚು ಪ್ರಸಿದ್ಧ. ಹಳ್ಳಿಗಳನ್ನು ಎಬ್ಬಿಸಿದ್ದು ಮಾತ್ರ ಮ್ಯಾಸಚೂಸೆಟ್ಸ್ ಸರ್ಕಾರ ಕಾಯ್ದೆ. ಗವರ್ನರ್‌ನ ಒಪ್ಪಿಗೆಯಿಲ್ಲದೆ ಊರಸಭೆ ವರ್ಷಕ್ಕೊಮ್ಮೆ ಮಾತ್ರ, ಮೇಲ್ಸಭೆ ರಾಜನ ನೇಮಕ, ಜ್ಯೂರಿಯನ್ನು ಆರಿಸುವುದು ಷೆರಿಫ್. ಚಹಾ ಕುಡಿಯದವನಿಗೂ ಇದು ತಟ್ಟಿತು. 1774ರ ಸೆಪ್ಟೆಂಬರ್ 6ರಂದು ವೂಸ್ಟರ್‌ನಲ್ಲಿ ಸುಮಾರು 4,600 ಜನ ಊರೂರಿನ ತುಕಡಿಗಳಾಗಿ ರಸ್ತೆಯ ಎರಡೂ ಬದಿ ಸಾಲುಗಟ್ಟಿ ನಿಂತರು. ನ್ಯಾಯಾಲಯದ ಅಧಿಕಾರಿಗಳು ಟೋಪಿ ಕೈಯಲ್ಲಿ ಹಿಡಿದು ಆ ಸಾಲಿನ ನಡುವೆ ನಡೆಯುತ್ತ, ನ್ಯಾಯಾಲಯ ನಡೆಸುವುದಿಲ್ಲ ಎಂಬ ಹೇಳಿಕೆಯನ್ನು ಮತ್ತೆ ಮತ್ತೆ ಓದಬೇಕಾಯಿತು. ಯುದ್ಧ ಶುರುವಾದ ಲೆಕ್ಸಿಂಗ್ಟನ್‌ನ ಗುಂಡು ಹಾರಿದ್ದು ಅಲ್ಲಿಂದ ಏಳು ತಿಂಗಳ ಮೇಲೆ, 1775ರ ಏಪ್ರಿಲ್ 19ರಂದು.