ಲ್ಯಾವೆಂಡರ್ ಬೀಜ ಮೊಳೀತಿಲ್ಲ, ಮೊಳೆತದ್ದೂ ಬುಡ ಸೊರಗಿ ಬೀಳ್ತಿದೆ

ಮಹಡಿತೋಟ_ಮೈಸೂರು:
ಇಂಗ್ಲಿಷ್ ಲ್ಯಾವೆಂಡರ್ ಬೀಜ, ಅಂದ್ರೆ ಅಂಗುಸ್ಟಿಫೋಲಿಯಾ, 40 ಹಾಕಿ 24 ದಿನ ಆಯ್ತು. ಏಪ್ರಿಲ್ ಮೊದಲ ವಾರ ಹಾಕಿದ್ದು. ಬರೀ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ತುಂಬಿದ ಟ್ರೇ, ಬೀಜದ ಮೇಲೆ ಅರ್ಧ ಇಂಚು ಕೊಕೊಪೀಟ್, ದಿನಕ್ಕೆರಡು ಸಲ ಸ್ಪ್ರೇ. ಬಂದದ್ದು ಐದೇ ಮೊಳಕೆ. ಅದರಲ್ಲಿ ಮೂರು ಮಣ್ಣಿನ ಮಟ್ಟದಲ್ಲಿ ದಾರದಷ್ಟು ಸಣ್ಣಗಾಗಿ, ಕಂದು ತಿರುಗಿ ಮಲಗಿಬಿಟ್ಟಿವೆ. ಎಲೆ ಮಾತ್ರ ಇನ್ನೂ ಹಸಿರು. ಬೀಜ ಫ್ರಿಜ್‌ನಲ್ಲಿ ಇಡಬೇಕಿತ್ತಾ? ಹೂ ಬಂದರೆ, ಹಿಂದಿನ ಕಾಲದಿಂದ ಅದನ್ನ ಹೇಗೆಲ್ಲ ಬಳಸ್ತಾ ಬಂದಿದ್ದಾರೆ?

ಸಸಿಮಡಿ:
ಮೊದಲನೇ ತಪ್ಪು ಆಳ. ಈ ಬೀಜ ಮೊಳೆಯೋಕೆ ಬೆಳಕು ಬೇಕು. ತೇವದ ಮಿಶ್ರಣದ ಮೇಲೆ ಉದುರಿಸಿ ಬೆರಳಲ್ಲಿ ಮೆಲ್ಲಗೆ ಒತ್ತಿದರೆ ಸಾಕು. ಮುಚ್ಚಲೇಬೇಕು ಅನ್ನಿಸಿದರೆ ಜರಡಿ ಹಿಡಿದ ಮರಳು, ಅದೂ ಬೀಜ ಅರೆಬರೆ ಕಾಣುವಷ್ಟೇ.

ಎರಡನೇದು ಕಾಲ. ಮೊಳಕೆಗೆ 18ರಿಂದ 22 ಡಿಗ್ರಿ ಹಿತ. ಏಪ್ರಿಲ್‌ನ ಮಹಡಿ ಅದಕ್ಕೆ ಒಲೆಯ ಹಾಗೆ. ಫ್ರಿಜ್ ಖಂಡಿತ ಬೇಕು. ಬೀಜವನ್ನ ಒದ್ದೆ ಮಾಡಿ ಹಿಂಡಿದ ಟಿಶ್ಯೂನಲ್ಲಿ ಸುತ್ತಿ, ಜಿಪ್ ಕವರ್‌ಗೆ ಹಾಕಿ, ಫ್ರೀಜರ್‌ನಲ್ಲಲ್ಲ, ತರಕಾರಿ ಇಡುವ ಕಡೆ 3ರಿಂದ 4 ವಾರ ಇಡಿ. ವಾರಕ್ಕೊಮ್ಮೆ ಬಿಚ್ಚಿ ನೋಡಿ, ಬೂಸ್ಟು ಹಿಡಿದಿದ್ದರೆ ಟಿಶ್ಯೂ ಬದಲಿಸಿ. ಅಕ್ಟೋಬರ್ ಮಧ್ಯದಲ್ಲಿ ಫ್ರಿಜ್‌ಗೆ ಹೋದರೆ ನವೆಂಬರ್ ಮಧ್ಯದಲ್ಲಿ ಟ್ರೇಗೆ ಬರುತ್ತೆ, ಮೈಸೂರಿಗೆ ಅದೇ ಸರಿಯಾದ ಹೊತ್ತು. ಆಮೇಲೂ 14ರಿಂದ 30 ದಿನ ಹಿಡಿಯುತ್ತೆ, ಕೆಲವು ಇನ್ನೂ ತಡ. ಎರಡು ತಿಂಗಳು ಆಗೋವರೆಗೆ ಟ್ರೇ ಸುರಿಯಬೇಡಿ.

ಮಲಗಿದ ಸಸಿಗಳದ್ದು ಬುಡಕೊಳೆ. ಬರೀ ಕೊಕೊಪೀಟ್ ಸ್ಪಂಜಿನ ಹಾಗೆ ನೀರು ಹಿಡಿದಿಟ್ಟುಕೊಳ್ಳುತ್ತೆ, ಮೇಲಿಂದ ಸ್ಪ್ರೇ ಬೇರೆ. ಶಿಲೀಂಧ್ರಕ್ಕೆ ಇನ್ನೇನು ಬೇಕು? ಒಂದು ಪಾಲು ಕೊಕೊಪೀಟ್‌ಗೆ ಒಂದು ಪಾಲು ದಪ್ಪ ಮರಳು ಇಲ್ಲವೇ ಪರ್ಲೈಟ್ (ನೀರು ಬಸಿಯೋಕೆ ಹಾಕೋ ಹಗುರ ಬಿಳಿ ಹರಳು) ಸೇರಿಸಿ. ಈ ಹಂತದಲ್ಲಿ ಗೊಬ್ಬರ ಬೇಡವೇ ಬೇಡ. ಟ್ರೇಯನ್ನ ನೀರಿನ ತಟ್ಟೆಯಲ್ಲಿ ಹತ್ತು ನಿಮಿಷ ಇಟ್ಟು ತೆಗೆಯಿರಿ, ಮೇಲ್ಮೈ ಒಣಗಿದ ಮೇಲೆ ಮತ್ತೆ.

ಒಣಬೇರು:
ಬೀಜದ ಮಾತೆಲ್ಲ ಸರಿ, ಆದರೆ ಮೈಸೂರು, ಬೆಂಗಳೂರಿಗೆ ಅಂಗುಸ್ಟಿಫೋಲಿಯಾ ಆರಿಸಿಕೊಳ್ಳೋದೇ ಕಷ್ಟದ ದಾರಿ. ಗಿಡವೇನೋ ಬದುಕುತ್ತೆ, ಚಳಿ ಸಾಲದೆ ಹೂ ಕೈಕೊಡುತ್ತೆ. ಎಲೆಯಂಚು ಗರಗಸದ ಹಲ್ಲಿನ ಹಾಗಿರೋ ಡೆಂಟಾಟಾ ಅನ್ನೋ ಲ್ಯಾವೆಂಡರ್ ಜಾತಿ ಇಲ್ಲಿ ಹೆಚ್ಚು ಗಟ್ಟಿ. ಪ್ಯಾಕೆಟ್ ಮೇಲೆ 'ಗ್ರಾಸೋ' ಅಂತ ಇದ್ದರೆ ಕೊಳ್ಳಲೇಬೇಡಿ. ಅದು ಲ್ಯಾವೆಂಡಿನ್ ಅನ್ನೋ ಮಿಶ್ರತಳಿ, ಬೀಜವೇ ಕಟ್ಟಲ್ಲ, ಕಡ್ಡಿಯಿಂದಲೇ ಬೆಳೆಸಬೇಕು. ಬೀಜದಿಂದ ಬಂದ ಅಂಗುಸ್ಟಿಫೋಲಿಯಾ ಕೂಡ ಒಂದೊಂದು ಒಂದೊಂದು ಥರ ಇರುತ್ತೆ. ಜಮ್ಮುವಿನ ಭದರ್ವಾಹ್‌ನಲ್ಲಿ ಕೇಂದ್ರದ ವಿಜ್ಞಾನ ಸಂಶೋಧನಾ ಮಂಡಳಿ ಸಿಎಸ್‌ಐಆರ್‌ನ ಸುಗಂಧ ಬೆಳೆ ಯೋಜನೆ ಅರೋಮಾ ಮಿಷನ್‌ನಡಿ ರೈತರು ನೆಡೋದು ಬೇರು ಬಂದ ಕಡ್ಡಿ ಸಸಿಗಳನ್ನ.

ಮಣ್ಣಿನ ಕುಂಡವೇ ಬೇಕು. ಸಸಿ ನಾಲ್ಕು ಇಂಚು ಆದಾಗ ತುದಿ ಚಿವುಟಿ, ಪೊದೆ ಕಟ್ಟುತ್ತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ತಾಗದ ಸೂರಿನಡಿ ಇಡಿ. ಇಲ್ಲಿ ಲ್ಯಾವೆಂಡರನ್ನ ಬಿಸಿಲಿಗಿಂತ ಮಳೆಗಾಲವೇ ಹೆಚ್ಚು ಕೊಲ್ಲೋದು.

ಹಳೇಪೆಟ್ಟಿಗೆ:
ಬಳಕೆ ಬಗ್ಗೆ. ನಮ್ಮಲ್ಲಿ ರೇಷ್ಮೆ ಸೀರೆ ನಡುವೆ ಲಾವಂಚದ ಬೇರು ಇಡೋ ಹಾಗೆ ಫ್ರಾನ್ಸಿನ ಪ್ರೊವಾನ್ಸ್‌ನಲ್ಲಿ ಬಟ್ಟೆ ಬೀರುವಿಗೆ ಲ್ಯಾವೆಂಡರ್ ಇಡ್ತಾರೆ, ನುಸಿ ಬರಬಾರದು ಅಂತ. ಹೆಸರು ಹತ್ತಿರ ಅಷ್ಟೇ, ಲಾವಂಚ ಹುಲ್ಲಿನ ಜಾತಿ. ಅಲ್ಲಿ ಲ್ಯಾವೆಂಡರ್ ಕಡ್ಡಿಯಿಂದ ನೂಲಿನ ಕದಿರಿನ ಆಕಾರಕ್ಕೆ ಹೆಣೆಯೋ ಕಟ್ಟು ನೋಡೋಕೇ ಚಂದ: ಆಗಷ್ಟೇ ಕೊಯ್ದ 21 ಕಡ್ಡಿ ತಗೊಂಡು, ಹೂವಿನ ಕೆಳಗೆ ರಿಬ್ಬನ್ ಕಟ್ಟಿ, ಕಡ್ಡಿಗಳನ್ನ ಹೂವಿನ ಮೇಲಕ್ಕೆ ಮಡಚಿ, ರಿಬ್ಬನ್ನನ್ನ ಒಂದರ ಮೇಲೆ ಒಂದರ ಕೆಳಗೆ ಸುತ್ತ ಹೆಣೀತಾ ಹೋಗಬೇಕು. ಬೆಸ ಸಂಖ್ಯೆಯೇ ಬೇಕು, ಸಮ ಆದರೆ ಎರಡನೇ ಸುತ್ತಿಗೆ ಹೆಣಿಗೆ ಕೂಡಲ್ಲ. ಕಡ್ಡಿ ಒಣಗಿದ್ದರೆ ಮುರಿಯುತ್ತೆ. ಹೂ ಒಣಗಿ ಉದುರಿದರೂ ಒಳಗೇ ಉಳಿಯುತ್ತೆ.

ನಮ್ಮ ದೇಶದ ಯುನಾನಿಯಲ್ಲೂ ಲ್ಯಾವೆಂಡರ್ ಇದೆ. ಸ್ಟೀಕಸ್ ಜಾತಿಯ ಒಣ ಹೂವೇ ಉಸ್ತುಖುದ್ದೂಸ್. ಹಕೀಮರು ಅದನ್ನ ಮಿದುಳಿನ ಪೊರಕೆ ಅಂತ ಕರೆದು ನೆಗಡಿ, ತಲೆನೋವಿಗೆ ಕೊಡ್ತಾ ಬಂದಿದ್ದಾರೆ. ಅಡುಗೆಗೆ ಮಾತ್ರ ಅಂಗುಸ್ಟಿಫೋಲಿಯಾ ಹೂವೇ ಆಗಬೇಕು, ಉಳಿದವುಗಳಲ್ಲಿ ಕರ್ಪೂರದ ಘಾಟು. ಒಂದು ಲೀಟರ್ ಹಾಲಿಗೆ ಒಂದು ಟೀ ಚಮಚ ಒಣ ಹೂ ದಾಟಿದರೆ ಸೋಪಿನ ರುಚಿ ಬರುತ್ತೆ. ಅದರ ಎಣ್ಣೆಯನ್ನ ಬಾಯಿಗೆ ಹಾಕಲೇಬಾರದು.

ಮಹಡಿತೋಟ_ಮೈಸೂರು:
ಉಳಿದ ಎರಡು ಸಸಿ ಈಗ ಏನು ಮಾಡಲಿ?

ಸಸಿಮಡಿ:
ಇವತ್ತೇ ಆ ಟ್ರೇಯಿಂದ ಬೇರೆ ಮಾಡಿ, ರೋಗ ಪಕ್ಕಕ್ಕೆ ಹಬ್ಬುತ್ತೆ. ಕಾಂಡ ಹಿಡೀಬೇಡಿ, ಎಲೆ ಹಿಡಿದು ಚಮಚದಲ್ಲಿ ಮಣ್ಣು ಸಮೇತ ಎತ್ತಿ, ಮರಳು ಬೆರೆಸಿದ ಮಿಶ್ರಣಕ್ಕೆ ಹಾಕಿ. ಬೆಳಗಿನ ಎಳೆ ಬಿಸಿಲು, ಗಾಳಿ ಆಡೋ ಜಾಗ. ಸ್ಪ್ರೇ ಬಾಟಲಿ ಎತ್ತಿಟ್ಟುಬಿಡಿ.