‘ಕೋಡ್ ಮಾಯ್ಸಿದ್ದೇನೆ’: ಅಳಿಸಿದ್ದೋ, ಗುಣವಾದದ್ದೋ?

ಎಲ್ಲರಿಗೂ ನಮಸ್ಕಾರ.

‘ಮಾಯಿಸು’ ಎಂಬ ಒಂದು ಕ್ರಿಯಾಪದದ ಬಗ್ಗೆ ಕೇಳಬೇಕಿತ್ತು. ಅದು ನನಗೆ ಎದುರಾದದ್ದು ಪುಸ್ತಕದಲ್ಲಿ ಅಲ್ಲ, ಕಾಸರಗೋಡು ಜಿಲ್ಲೆಯ ಮುಳ್ಳೇರಿಯದ ಒಂದು ವರ್ಕ್‌ಶಾಪಿನಲ್ಲಿ. ಹಾಗಾಗಿ ಬರಹಕ್ಕೆ ಸ್ವಲ್ಪ ಗ್ರೀಸ್ ಮೆತ್ತಿಕೊಂಡಿದ್ದರೆ ಬೇಜಾರು ಮಾಡಬೇಡಿ.

ವರ್ಕ್‌ಶಾಪ್ ನನ್ನ ತಂಗಿಯ ಮಗನದ್ದು. ಕಾರಿನ ಒಳಗಿನ ಕಂಪ್ಯೂಟರನ್ನು ಓದಲು ಅವನ ಹತ್ತಿರ ವಿಂಡೋಸ್ ಎಕ್ಸ್‌ಪಿ ಹಾಕಿದ ಹಳೇ ಕಂಪ್ಯೂಟರ್, ಅದನ್ನು ಕಾರಿಗೆ ಸಿಕ್ಕಿಸುವ ಕೇಬಲ್ ಇತ್ತು. ತುಲಾ ತಿಂಗಳ ಸಿಡಿಲಿಗೆ ಕಂಪ್ಯೂಟರ್ ಸುಟ್ಟುಹೋಯಿತು. ಹೊಸ ಲ್ಯಾಪ್‌ಟಾಪ್ ತಂದ. ‘ಮಾವ, ನಿಮಗೆ ಕಂಪ್ಯೂಟರ್ ಗೊತ್ತುಂಟಲ್ಲಾ, ಆ ಹಳೇ ಕೇಬಲನ್ನು ಇದಕ್ಕೊಂದು ಹೊಂದಿಸಿ ಕೊಡಿ. ಹಾಗೇ ಹುಡುಗರಿಗೆ ಅರ್ಥ ಆಗುವ ಹಾಗೆ ಕನ್ನಡದಲ್ಲಿ ಒಂದು ಚೀಟಿ ಬರೆದುಕೊಡಿ, ಗೋಡೆಗೆ ಅಂಟಿಸ್ತೇನೆ’ ಎಂದ. ಮೂವರು ಹುಡುಗರು. ಒಬ್ಬನ ಮನೆಮಾತು ತುಳು, ಒಬ್ಬನದ್ದು ಮಲಯಾಳ, ಇನ್ನೊಬ್ಬನದ್ದು ಮರಾಠಿ. ಓದಿದ್ದು ಮಾತ್ರ ಮೂವರೂ ಕನ್ನಡ ಶಾಲೆಯಲ್ಲಿ.

ಕೇಬಲ್ ಹೊಂದಿಸಲು ಒಂದೂವರೆ ದಿನ ಹಿಡಿಯಿತು. ಚೀಟಿ ಇನ್ನೂ ಮುಗಿದಿಲ್ಲ.

ತಲೆಬರಹದಲ್ಲೇ ಸಿಕ್ಕಿಬಿದ್ದೆ. ಡಯಾಗ್ನೋಸಿಸ್ ಅಂದರೆ ‘ನಿದಾನ’ ಅಲ್ವಾ, ಆಯುರ್ವೇದದಲ್ಲಿ ಬಳಸುವ ಒಳ್ಳೆಯ ಪದ. ‘ಕಾರಿನ ನಿದಾನ ತಂತ್ರಾಂಶ’ ಎಂದು ಬರೆದೆ. ತುಳು ಹುಡುಗ ಓದಿ, ‘ಹೌದು ಸರ್, ಇದು ತುಂಬಾ ನಿಧಾನ’ ಎಂದ. ದಕಾರವೋ ಧಕಾರವೋ ಎಂದು ವರ್ಕ್‌ಶಾಪಿನಲ್ಲಿ ಯಾರು ನೋಡುತ್ತಾರೆ? ಆ ಪದ ಬಿಟ್ಟೆ. ಇಲ್ಲಿ ಎಲ್ಲರೂ ಹೇಳುವುದು ‘ಸ್ಕ್ಯಾನ್ ಮಾಡುವುದು’. ನಿವೃತ್ತ ಮಾಷ್ಟ್ರೊಬ್ಬರು ಅದಕ್ಕೆ ‘ಪ್ರಶ್ನೆ ಇಡುವುದು’ ಎನ್ನುತ್ತಾರೆ, ತಮಾಷೆಗೆ. ಕಾರಿನ ಮುಂದೆ ಕವಡೆ ಹಾಕಿದ ಹಾಗೆ. ಈ ಮಾಷ್ಟ್ರು ಮುಂದೆ ಪುನಃ ಬರುತ್ತಾರೆ.

ಆಮೇಲೆ ‘ಡ್ರೈವರ್’, ಅಂದರೆ ಕೇಬಲಿನ ಜೊತೆ ಹೇಗೆ ಮಾತಾಡಬೇಕೆಂದು ವಿಂಡೋಸಿಗೆ ತಿಳಿಸಿಕೊಡುವ ಫೈಲ್. ಕೇಬಲಿನ ಡಬ್ಬದಲ್ಲಿ ಒಂದು ಪುಟ್ಟ ಸಿಡಿ ಇತ್ತು. ಹೊಸ ಲ್ಯಾಪ್‌ಟಾಪಿನಲ್ಲಿ ಸಿಡಿ ಹಾಕಲು ಜಾಗವೇ ಇಲ್ಲ. ಪಕ್ಕದ ಫೋಟೋ ಸ್ಟುಡಿಯೋದಲ್ಲಿ ಅದನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡು ಬಂದೆ. ಹಾಕಿದರೆ ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ತ್ರಿಕೋನ. ಕಾರಣ ಇಷ್ಟೇ: ಆ ಡ್ರೈವರಿಗೆ ಡಿಜಿಟಲ್ ಸಹಿ ಇಲ್ಲ. 64 ಬಿಟ್ ವಿಂಡೋಸ್ ಸಹಿ ಇಲ್ಲದ ಡ್ರೈವರನ್ನು ಒಳಗೆ ಬಿಡುವುದಿಲ್ಲ. ಆ ತಪಾಸಣೆಯನ್ನು ಆಫ್ ಮಾಡುವ ದಾರಿ ಉಂಟು. ಆದರೆ ಒಂದು ಕೇಬಲಿಗೋಸ್ಕರ ಮನೆಯ ಬಾಗಿಲನ್ನೇ ಕಿತ್ತಿಡುವುದು ನನಗೆ ಸರಿ ಕಾಣಲಿಲ್ಲ. ಕೇಬಲಿನ ಒಳಗಿನ ಚಿಪ್ ಎಫ್‌ಟಿಡಿಐ ಎಂಬ ಕಂಪೆನಿಯ ಜಾತಿಯದ್ದು. ಅದರ ಹೊಸ ಡ್ರೈವರನ್ನು ಇಳಿಸಿ ಹಾಕಿದೆ. ತ್ರಿಕೋನ ಹೋಯಿತು.

ಚೀಟಿಯಲ್ಲಿ ‘ಚಾಲಕ’ ಎಂದು ಬರೆದರೆ ಏನಾಗುತ್ತದೆ ನೋಡಿ: ‘ಕಾರಿಗೆ ಕೇಬಲ್ ಸಿಕ್ಕಿಸುವ ಮೊದಲು ಚಾಲಕ ಇದ್ದಾನೆಯೇ ಖಚಿತಪಡಿಸಿಕೊಳ್ಳಿ.’ ಬೇರೆ ಎಲ್ಲಾದರೂ ‘ಚಾಲಕ’ ನಡೆದೀತು, ವರ್ಕ್‌ಶಾಪಿನಲ್ಲಿ ಮಾತ್ರ ನಡೆಯದು. ‘ಡ್ರೈವರ್ ಫೈಲ್’ ಎಂದು ಬರೆದೆ.

ಸಹಿಯ ವಿಷಯದಲ್ಲಿ ಒಂದು ಖುಷಿ ಸಿಕ್ಕಿತು. ಮಲಯಾಳಿ ಹುಡುಗ ‘ಇದಕ್ಕೆ ಒಪ್ಪು ಇಲ್ಲ ಸರ್’ ಎಂದ. ಮಲಯಾಳದಲ್ಲಿ ಒಪ್ಪು ಅಂದರೆ ಸಹಿ. ನಮಗೆ ಒಪ್ಪು ಅಂದರೆ ಸಮ್ಮತಿಸು. ಆದರೆ ನಮ್ಮ ಹಳೇ ಶಾಸನಗಳ ಕೊನೆಯಲ್ಲೂ ‘ಒಪ್ಪ’ ಬರುತ್ತದೆ, ಸಹಿ ಎಂಬ ಅರ್ಥದಲ್ಲೇ. ವಿಜಯನಗರದ ಅರಸರ ‘ಶ್ರೀ ವಿರೂಪಾಕ್ಷ’ ಎಂಬ ಒಪ್ಪ ನೆನಪು ಮಾಡಿಕೊಳ್ಳಿ. ಅಂದರೆ ಹುಡುಗ ಮಲಯಾಳ ಮಾತಾಡುತ್ತಿದ್ದೇನೆ ಎಂದುಕೊಂಡು ಹಳೆಗನ್ನಡದ ಕಡೆಗೆ ಹೋಗಿದ್ದ. ಚೀಟಿಯಲ್ಲಿ ‘ಒಪ್ಪ ಇಲ್ಲದ ಡ್ರೈವರ್ ಹಾಕಬೇಡಿ’ ಎಂದೇ ಇಟ್ಟಿದ್ದೇನೆ.

ಪೋರ್ಟ್, ಅಂದರೆ ಕೇಬಲ್ ಲ್ಯಾಪ್‌ಟಾಪಿನ ಒಳಗೆ ಮಾತಾಡುವ ನಂಬ್ರ ಹಾಕಿದ ದಾರಿ, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೇಬಲ್ ಹೋಗಿ ಕಾಮ್ 7 ಎಂಬ ಪೋರ್ಟಿನಲ್ಲಿ ಕೂತಿತ್ತು, ಹಳೇ ಸಾಫ್ಟ್‌ವೇರಿಗೆ 1ರಿಂದ 4ರವರೆಗೆ ಮಾತ್ರ ಕಣ್ಣು ಕಾಣುತ್ತದೆ. ಅಡ್ವಾನ್ಸ್ಡ್ ಸೆಟ್ಟಿಂಗಿಗೆ ಹೋಗಿ 3 ಮಾಡಿದೆ. ಅಲ್ಲೇ ಲೇಟೆನ್ಸಿ ಟೈಮರ್, ಬಂದ ಮಾತನ್ನು ಕೇಬಲ್ ಎಷ್ಟು ಹೊತ್ತು ಹಿಡಿದಿಟ್ಟುಕೊಳ್ಳಬಹುದು ಎಂಬ ಲೆಕ್ಕ, 16 ಮಿಲಿಸೆಕೆಂಡ್ ಇತ್ತು, ಅದನ್ನು 1ಕ್ಕೆ ಇಳಿಸಿದೆ. ಪೋರ್ಟ್‌ಗೆ ‘ಬಂದರು’ ಎಂದರೆ ಹುಡುಗರು ಕಾಸರಗೋಡಿನ ಮೀನಿನ ಬಂದರಿಗೆ ಹೋದಾರು. ‘ಕಂಡಿ’ ಅಡ್ಡಿಯಿಲ್ಲ ಅನಿಸಿತು. ಬೇಲಿಯಲ್ಲಿ ನುಸುಳಿ ಹೋಗಲು ಬಿಟ್ಟ ಸಂದಿಗೆ ನಾವು ಹೇಳುವ ಪದ ಅದು. ಲೇಟೆನ್ಸಿಗೆ ‘ತಡ’ ಸಾಕು.

ಇನ್ನು ಕಾರಿನ ಕಡೆ. ಸ್ಟೇರಿಂಗಿನ ಕೆಳಗೆ, ಮೊಣಕಾಲು ತಾಗುವಲ್ಲಿ, 16 ಪಿನ್ನಿನ ಕಪ್ಲರ್ ಇರುತ್ತದೆ. 16ನೇ ಪಿನ್ನಿಗೆ ಬ್ಯಾಟರಿ ಕರೆಂಟ್, 4 ಮತ್ತು 5 ಅರ್ತ್. ಹಳೇ ಕಾರುಗಳಲ್ಲಿ ಮಾತುಕತೆ 7ನೇ ಪಿನ್ನಿನ ಕೆ-ಲೈನ್ ಎಂಬ ಒಂದೇ ವಯರಿನಲ್ಲಿ. ಹೊಸ ಕಾರುಗಳಲ್ಲಿ 6 ಮತ್ತು 14ರ ಜೋಡಿ ವಯರಿನಲ್ಲಿ. ನಮ್ಮ ಕೇಬಲ್ ಕೆ-ಲೈನಿನದ್ದು. ಕೀ ಆನ್ ಮಾಡಿ ಸಾಫ್ಟ್‌ವೇರಿನಲ್ಲಿ ಗುಂಡಿ ಒತ್ತಿದರೆ ಮೊದಲ ಎರಡು ಸೆಕೆಂಡ್ ಏನೂ ಆಗುವುದಿಲ್ಲ. ಕೆಟ್ಟಿದೆ ಎಂದುಕೊಳ್ಳುತ್ತೇವೆ. ಹಾಗಲ್ಲ. ಲ್ಯಾಪ್‌ಟಾಪ್ ಆಗ ಕಾರಿನ ಕಂಪ್ಯೂಟರನ್ನು ಕರೆಯುತ್ತಿರುತ್ತದೆ, ಸೆಕೆಂಡಿಗೆ ಬರೇ 5 ಬಿಟ್‌ನಂತೆ, ಒಟ್ಟು 10 ಬಿಟ್. ಕೇಳಿಸಿದರೆ ಅದು ಉತ್ತರ ಕೊಡುತ್ತದೆ. ಅಲ್ಲಿಂದ ಮುಂದೆ ಮಾತು ಸೆಕೆಂಡಿಗೆ 10,400 ಬಿಟ್ ವೇಗದಲ್ಲಿ ಓಡುತ್ತದೆ.

ಉತ್ತರ ಬರದಿದ್ದಾಗ ತುಳು ಹುಡುಗ ‘ಗಾಡಿ ಪಾತೆರುಜಿ’ ಎನ್ನುತ್ತಾನೆ, ಮಲಯಾಳಿ ಹುಡುಗ ‘ವಂಡಿ ಮಿಂಡುನ್ನಿಲ್ಲ’ ಎನ್ನುತ್ತಾನೆ. ಎರಡಕ್ಕೂ ಅರ್ಥ ಒಂದೇ, ಗಾಡಿ ಮಾತಾಡುತ್ತಿಲ್ಲ. ಆದರೆ ನನಗೆ ಹಿಡಿಸಿದ್ದು ಕನ್ನಡದ ‘ಓಗೊಡು’. ತೋಟದ ಆಚೆ ಬದಿಯಿಂದ ಉದ್ದಕ್ಕೆ ಕೂಗಿದರೆ ಈಚೆಯಿಂದ ‘ಓ’ ಎನ್ನುವುದು. ಆ ಎರಡು ಸೆಕೆಂಡಿನ ನಿಧಾನದ ಕರೆ, ಆಮೇಲೆ ಬರುವ ಚುಟುಕು ಉತ್ತರ, ಎರಡಕ್ಕೂ ಅದು ಅಳತೆ ಕೊಟ್ಟು ಹೊಲಿಸಿದ ಹಾಗಿದೆ. ‘ಕಾರು ಓಗೊಡದಿದ್ದರೆ ಕೀ ಆನ್ ಇದೆಯಾ ನೋಡಿ’ ಎಂದು ಬರೆದೆ. ಮೂವರಿಗೂ ಅರ್ಥವಾಯಿತು.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ.

ಮಾಷ್ಟ್ರ ಹಳೇ ಪೆಟ್ರೋಲ್ ಕಾರಿಗೆ ಮಿಸ್ಸಿಂಗ್ ಇತ್ತು, ಅಂದರೆ ಎಂಜಿನ್ ತಡೆದು ತಡೆದು ಓಡುತ್ತಿತ್ತು. ಎಂಜಿನ್ ದೀಪವೂ ಉರಿಯುತ್ತಿತ್ತು. ಅಳಿಯ ಊರಲ್ಲಿರಲಿಲ್ಲ. ಮಲಯಾಳಿ ಹುಡುಗ ಲ್ಯಾಪ್‌ಟಾಪ್ ಸಿಕ್ಕಿಸಿದ. ಪಿ0303 ಬಂತು. ಮೂರನೇ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ ಎಂದು ಹೇಳುವ ನಂಬ್ರ, ಅಂದರೆ ಕೋಡ್, ಅದು. ದೀಪ ಒಮ್ಮೆ ಹೋಗಲಿ, ಪುನಃ ಬಂದರೆ ನೋಡುವ ಎಂದುಕೊಂಡು ಹುಡುಗ ನಂಬ್ರ ತೆಗೆದ. ಮಾಷ್ಟ್ರಿಗೆ ಹೇಳಿದ್ದು ಹೀಗೆ: ‘ಮಾಷೇ, ಕೋಡ್ ಮಾಯ್ಸಿದ್ದೇನೆ.’

ಮಾಷ್ಟ್ರು ಸಂತೋಷದಿಂದ ಹೊರಟರು. ಬೋವಿಕ್ಕಾನ ದಾಟುವಷ್ಟರಲ್ಲಿ ಕಾರು ಕುಂಟಲು ಶುರು. ಚೆರ್ಕಳದ ಹತ್ತಿರ ದೀಪ ಮಿಟುಕತೊಡಗಿತು. ಮಿಟುಕಿದರೆ ಜೋರಾದ ಮಿಸ್ಸಿಂಗ್ ಎಂದು ಲೆಕ್ಕ. ಉರಿಯದ ಪೆಟ್ರೋಲ್ ಹೊಗೆ ಕೊಳವೆಗೆ ಹೋಗಿ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನೇ ಸುಡಬಹುದು. ಗಾಡಿಯನ್ನು ಬದಿಗೆ ಹಾಕಿ ಫೋನ್ ಮಾಡಿದರು. ಸಿಟ್ಟು ಬಂದಿತ್ತು. ‘ಮಾಯ್ದಿದೆ ಅಂತ ಹೇಳಿದ್ಯಲ್ಲ ಮಾರಾಯ!’

ಹುಡುಗ ಸುಳ್ಳು ಹೇಳಿರಲಿಲ್ಲ. ಮಾಷ್ಟ್ರು ತಪ್ಪು ಕೇಳಿಸಿಕೊಂಡಿರಲೂ ಇಲ್ಲ. ಮಲಯಾಳದಲ್ಲಿ ‘ಮಾಯ್ಕ್ಕುಗ’ ಅಂದರೆ ಅಳಿಸು, ಒರಸು. ಹಿಂದೆ ಮಕ್ಕಳು ನೀರು ತುಂಬಿದ ದಂಟಿನ ಗಿಡದಿಂದ ಸ್ಲೇಟು ಒರಸುತ್ತಿದ್ದರಲ್ಲ, ಅವರ ‘ಮಷಿತ್ತಂಡು’, ಆ ಕೆಲಸಕ್ಕೆ ಅವರು ಬಳಸುವ ಕ್ರಿಯಾಪದ ಇದೇ. ತುಳುವಿನಲ್ಲಿ ‘ಮಾಜಾವುನಿ’. ಗೋಡೆಯ ಬರಹ ಮಳೆಗೆ ಹೋದರೆ ‘ಮಾಜಿದ್ ಪೋತುಂಡು’ ಎನ್ನುತ್ತಾರೆ. ಕನ್ನಡದಲ್ಲಿ ‘ಮಾಯು’ ಹಿಡಿದ ದಾರಿಯೇ ಬೇರೆ: ಗಾಯ ಮಾಯಿತು, ಮಾಯದ ಗಾಯ. ಮಲಯಾಳದಲ್ಲಿ ಗಾಯ ಮಾಯುವುದಿಲ್ಲ, ಒಣಗುತ್ತದೆ. ಕನ್ನಡದಲ್ಲಿ ಸ್ಲೇಟು ಮಾಯುವುದಿಲ್ಲ. ಬುಡ ಒಂದೇ, ‘ಕಾಣದಾಗು’ ಎಂಬ ಅರ್ಥ. ನಾವು ಅದನ್ನು ಮೈಮೇಲಿನ ಗಾಯಕ್ಕೆ ಇಟ್ಟುಕೊಂಡೆವು, ಅವರು ಬರಹಕ್ಕೆ ಇಟ್ಟುಕೊಂಡರು.

ತಮಾಷೆ ನೋಡಿ, ಗುಂಡರ್ಟರ ಮಲಯಾಳ ನಿಘಂಟು (1872), ಮ್ಯಾನರರ ತುಳು ನಿಘಂಟು (1886), ಕಿಟ್ಟೆಲರ ಕನ್ನಡ ನಿಘಂಟು (1894), ಮೂರೂ ಅಚ್ಚಾದದ್ದು ಮಂಗಳೂರಿನ ಬಾಸೆಲ್ ಮಿಷನ್ ಅಚ್ಚುಕೂಟದಲ್ಲಿ. ಮೂರು ಭಾಷೆಯ ‘ಮಾಯು’ಗಳು ಒಂದೇ ಸೂರಿನ ಕೆಳಗೆ ಇದ್ದು ಬಂದವು. ಜಗಳ ಮಾತ್ರ ಚೆರ್ಕಳದಲ್ಲಿ ಆಯಿತು.

ಇದರ ನಡುವೆ ಸಂಸ್ಕೃತದ ‘ಮಾಯ’ವೂ ಬಂದು ಸೇರುತ್ತದೆ. ‘ಕೋಡ್ ಮಾಯ ಮಾಡಿದ್ದೇನೆ’ ಎಂದರೆ ಕನ್ನಡದವರಿಗೆ ಸರಿಯಾಗಿಯೇ ಅರ್ಥವಾದೀತು. ಆದರೆ ತುಳುನಾಡಿನಲ್ಲಿ ‘ಮಾಯ ಆಯೆರ್’ ಎಂದರೆ ಅಲ್ಲಿಗೆ ಮುಗಿಯಲಿಲ್ಲ. ಮಾಯಕ್ಕೆ ಸಂದವರು ದೈವವಾಗಿ, ಕೋಲದ ಹೊತ್ತಿಗೆ ಕರೆದರೆ ಬರುತ್ತಾರೆ. ಈ ಲೆಕ್ಕದಲ್ಲಿ ಪಿ0303 ಮಾಯವಾದದ್ದೇ ಸರಿ. ಚೆರ್ಕಳದಲ್ಲಿ ಪುನಃ ಮೈದುಂಬಿತಲ್ಲ!

ಕಾರು ವಾಪಸ್ ಬಂತು. ಅಷ್ಟರಲ್ಲಿ ಅಳಿಯನೂ ಬಂದಿದ್ದ. ಮೊದಲು ಹುಡುಗನಿಗೆ ಒಂದು ಬೈಗುಳ, ತೆಗೆಯುವ ಮೊದಲು ಬರೆದಿಟ್ಟುಕೊಳ್ಳಲಿಲ್ಲ ಎಂದು. ಯಾಕೆಂದರೆ ನಂಬ್ರ ತೆಗೆದರೆ ಅದರ ಜೊತೆ ಫ್ರೀಜ್ ಫ್ರೇಮೂ ಹೋಗುತ್ತದೆ. ತೊಂದರೆ ಆದ ಗಳಿಗೆಯಲ್ಲಿ ಎಂಜಿನ್ ಎಷ್ಟು ಬಿಸಿ ಇತ್ತು, ಎಷ್ಟು ಸುತ್ತು ತಿರುಗುತ್ತಿತ್ತು ಎಂಬ ಒಂದು ಚಿತ್ರ ಅದು. ಆಮೇಲೆ ಮೂರನೇ ಸಿಲಿಂಡರಿಗೆ ಕಿಡಿಯ ಕರೆಂಟ್ ಕೊಡುವ ಕಾಯಿಲ್ ಬಿಚ್ಚಿ ಎರಡನೆಯದಕ್ಕೆ, ಎರಡನೆಯದ್ದನ್ನು ಮೂರಕ್ಕೆ ಹಾಕಿದ. ಓಡಿಸಿಕೊಂಡು ಬಂದು ಸ್ಕ್ಯಾನ್ ಮಾಡಿದರೆ ಪಿ0302. ರೋಗ ಕಾಯಿಲಿನ ಜೊತೆಗೇ ಹೋಗಿತ್ತು. ಹೊಸ ಕಾಯಿಲ್ ಹಾಕಿ, ನಂಬ್ರ ತೆಗೆದು, ಇನ್ನೊಮ್ಮೆ ಓಡಿಸಿದ. ಏನೂ ಬರಲಿಲ್ಲ. ಮಾಷ್ಟ್ರು ದುಡ್ಡು ಕೊಡುತ್ತಾ ಹುಡುಗನ ಮುಖ ನೋಡಿ, ‘ಈಗ ಯಾವ ಭಾಷೆಯಲ್ಲಿ ಮಾಯ್ದದ್ದು?’ ಎಂದು ಕೇಳಿದರು. ಅವನು ‘ಎರಡರಲ್ಲೂ ಮಾಷೇ’ ಎಂದ.

ಹೀಗಾಗಿ ಚೀಟಿಯ ಆ ಒಂದು ಸಾಲಿಗೆ ಪದ ಬೇಕು. ಸಾಫ್ಟ್‌ವೇರಿನ ಗುಂಡಿಯ ಮೇಲೆ ಇರುವುದು ‘ಕ್ಲಿಯರ್ ಕೋಡ್ಸ್’. ‘ಕ್ಲಿಯರ್ ಮಾಡು’ ಎಂದು ಬಿಡಬಹುದಿತ್ತು. ಆದರೆ ನಮ್ಮಲ್ಲಿ ಸಾಲ ಕ್ಲಿಯರ್ ಆಗುತ್ತದೆ, ಕೇಸ್ ಕ್ಲಿಯರ್ ಆಗುತ್ತದೆ. ಎರಡರಲ್ಲೂ ಬಾಕಿ ಏನೂ ಇಲ್ಲ ಎಂದೇ ಅರ್ಥ. ಇಲ್ಲಿ ಬಾಕಿ ಇದ್ದೇ ಇರುತ್ತದೆ. ಅದೇ ತೊಂದರೆ.

‘ಅಳಿಸು’ ಪುಸ್ತಕದ ಪ್ರಕಾರ ಸರಿ. ಆದರೆ ಮಲಯಾಳಿ ಹುಡುಗನಿಗೆ ‘ಅಳಿ’ ಎಂದೊಡನೆ ‘ಅೞಿಮದಿ’ ನೆನಪಾಗುತ್ತದಂತೆ. ಭ್ರಷ್ಟಾಚಾರಕ್ಕೆ ಅವರ ಪದ. ನಮ್ಮ ಮನೆಯ ಹವ್ಯಕ ಮಾತಿನಲ್ಲಿ ‘ಉದ್ದು’ ಎನ್ನುತ್ತೇವೆ, ಸ್ಲೇಟು ಉದ್ದುವುದು, ಕಣ್ಣೀರು ಉದ್ದುವುದು. ನನಗೆ ಇದೇ ಇಷ್ಟ. ಆದರೆ ಬರೆದಾಗ ‘ಉದ್ದ’ದ ಹಾಗೆ ಕಾಣುತ್ತದೆ, ಮರಾಠಿ ಹುಡುಗ ‘ಏನನ್ನು ಉದ್ದ ಮಾಡಬೇಕು?’ ಎಂದು ಕೇಳಿದ. ‘ಒರಸು’ ಮೂವರಿಗೂ ಗೊತ್ತು. ಒರಸಿದರೆ ನೆಲ ಚೊಕ್ಕ ಆಗುತ್ತದೆ, ಆದರೆ ಮಾಡು ಸೋರುತ್ತಿದ್ದರೆ ಪುನಃ ಒದ್ದೆಯಾಗುತ್ತದೆ ಎಂಬುದು ಅದರಲ್ಲೇ ಸೇರಿದೆ. ಗುಣ ಆಯಿತು ಎಂಬ ಭ್ರಮೆ ಹುಟ್ಟಿಸುವುದಿಲ್ಲ.

ಆದರೂ ‘ಮಾಯಿಸು’ ಬಿಡಲು ಮನಸ್ಸಿಲ್ಲ. ಎರಡು ಕೆಲಸಕ್ಕೆ ಎರಡು ರೂಪ ಇಟ್ಟುಕೊಳ್ಳಬಹುದಾ ಎಂದು ಯೋಚಿಸಿದೆ: ನಂಬ್ರವನ್ನು ಒರಸುವುದು, ತೊಂದರೆಯನ್ನು ಮಾಯಿಸುವುದು. ಅದಕ್ಕೇ ನಿಮ್ಮನ್ನು ಕೇಳುತ್ತಿರುವುದು. ‘ಮಾಯು’ ಎಂಬುದಕ್ಕೆ ‘ಮಾಯಿಸು’ ಎಂಬ ಪ್ರೇರಣಾರ್ಥಕ ರೂಪವನ್ನು ಗಾಯ ಗುಣಪಡಿಸುವ ಅರ್ಥದಲ್ಲಿ ನಿಮ್ಮಲ್ಲಿ ಯಾರಾದರೂ ಮಾತಿನಲ್ಲಿ ಬಳಸುತ್ತೀರಾ? ‘ಮದ್ದು ಗಾಯವನ್ನು ಮಾಯಿಸಿತು’ ಎಂದು? ನನ್ನ ಕಿವಿಗೆ ಗಾಯ ತಾನಾಗಿಯೇ ಮಾಯುತ್ತದೆ, ಯಾರೂ ಮಾಯಿಸುವುದಿಲ್ಲ. ಅಳಿಸುವ ಅರ್ಥದಲ್ಲಿ ‘ಮಾಯಿಸು’ ಎನ್ನುವುದು ಮಂಜೇಶ್ವರ, ಕುಂಬಳೆ ಕಡೆಯ ಕನ್ನಡದಲ್ಲೂ ಉಂಟಾ, ಅಥವಾ ಬರೇ ಮಲಯಾಳ ಮನೆಮಾತಿನವರ ಕನ್ನಡದಲ್ಲಾ?

ನಮ್ಮ ಹಾಗೇ ಕರ್ನಾಟಕದ ಗಡಿಯಾಚೆ ಇರುವ ಹೊಸೂರು, ಮಡಕಶಿರಾ, ಅಕ್ಕಲಕೋಟೆ ಕಡೆಯವರೂ ಹೇಳಿ. ನಿಮ್ಮ ಮೆಕ್ಯಾನಿಕ್ ದೀಪ ಆರಿಸಿ ಕೊಡುವಾಗ ಬಾಯಲ್ಲಿ ಏನನ್ನುತ್ತಾನೆ? ಪುಸ್ತಕದ ಪದ ಬೇಡ, ಅವನು ಕೈ ಒರಸಿಕೊಳ್ಳುತ್ತಾ ಹೇಳುವ ಪದ ಬೇಕು.

ಸದ್ಯಕ್ಕೆ ಆ ಸಾಲಿನಲ್ಲಿ ಪೆನ್ಸಿಲಿನಿಂದ ‘ಮೊದಲು ಬರೆದಿಟ್ಟುಕೊಳ್ಳಿ, ಆಮೇಲೆ ಒರಸಿ’ ಎಂದು ಬರೆದಿದ್ದೇನೆ. ಸೋಮವಾರ ಬದಿಯಡ್ಕಕ್ಕೆ ಹೋಗುವುದಿದೆ, ಲ್ಯಾಮಿನೇಶನ್ ಮಾಡಿಸಲು. ಅಷ್ಟರೊಳಗೆ ಹೇಳಿದರೆ ಉಪಕಾರ.