ಮೆಟ್ ಮ್ಯೂಸಿಯಂ ಕಟ್ಟಿದ ದುಡ್ಡು ಯಾರದ್ದು?

ನೀಲಿಗೋಡೆ ಕೇಳಿದ್ದು:

ನಮಸ್ಕಾರ ಎಲ್ಲರಿಗೂ. ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂ ರಾಜರ ಸಂಗ್ರಹದಿಂದ ಬೆಳೆದದ್ದು. ಅಮೆರಿಕದಲ್ಲಿ ರಾಜರೇ ಇರಲಿಲ್ಲ. ನ್ಯೂಯಾರ್ಕ್‌ನ ಮೆಟ್ರೋಪಾಲಿಟನ್ ಮ್ಯೂಸಿಯಂ, ಅಂದರೆ ಮೆಟ್, 1870ರಲ್ಲಿ ಶುರುವಾದಾಗ ಅದಕ್ಕೆ ಕಟ್ಟಡವೂ ಇರಲಿಲ್ಲ, ತೋರಿಸೋಕೆ ಕಲಾಕೃತಿಯೂ ಇರಲಿಲ್ಲ. ಇವತ್ತು ಅಲ್ಲಿ 15 ಲಕ್ಷದಷ್ಟು ವಸ್ತುಗಳಿವೆ, ಎಲ್ಲಿ ನೋಡಿದರೂ ಯಾರಾದರೊಬ್ಬ ಸಾಹುಕಾರರ ಹೆಸರಿದೆ. ಇವರೆಲ್ಲ ಯಾಕೆ ಕೊಟ್ಟರು? ಕೊಟ್ಟು ಏನು ಪಡೆದರು? ಆ ದುಡ್ಡಿನ ಹಿಂದಿನ ಕಥೆ ಅಲ್ಲಿ ಹೋಗಿ ನೋಡುವವರಿಗೆ ಗೊತ್ತಾಗುತ್ತದಾ? ತಿಳಿದವರು ಸ್ವಲ್ಪ ಬಿಡಿಸಿ ಬರೆಯಿರಿ.

ಹಳೆಕಡತ:

ಮೊದಲು ಒಂದು ವಿಷಯ ಗೊತ್ತಿರಬೇಕು, ಅದು ಗೊತ್ತಿಲ್ಲದೆ ಮಿಕ್ಕಿದ್ದು ಅರ್ಥವಾಗಲ್ಲ. ಮೆಟ್ ಇರುವ ಜಾಗ ಮತ್ತು ಕಟ್ಟಡ ನ್ಯೂಯಾರ್ಕ್ ನಗರದ್ದು. ಒಳಗಿರುವ ಕಲಾಕೃತಿಗಳು ಮಾತ್ರ ಟ್ರಸ್ಟಿಗಳ ಕೈಯಲ್ಲಿ. ಅಂದರೆ ಶುರುವಿನಿಂದಲೂ ಸಾರ್ವಜನಿಕರ ಜಾಗದಲ್ಲಿ ಶ್ರೀಮಂತರ ಯಜಮಾನಿಕೆ. ಮೊದಲ ಅಧ್ಯಕ್ಷ ಜಾನ್ ಟೇಲರ್ ಜಾನ್‌ಸ್ಟನ್ ರೈಲ್ವೆಯಲ್ಲಿ ದುಡ್ಡು ಮಾಡಿದವರು. 1871ರಲ್ಲಿ ಮೊದಲ 174 ವರ್ಣಚಿತ್ರಗಳು ಬಂದದ್ದು ವಿಲಿಯಂ ಬ್ಲಾಜೆಟ್ ಅನ್ನುವ ಟ್ರಸ್ಟಿ ಯುರೋಪಿನಲ್ಲಿ ಖರೀದಿ ಮಾಡಿದ್ದರಿಂದ.

ಈ ಎಳೆದಾಟ ಚೆನ್ನಾಗಿ ಕಾಣಿಸೋದು ಭಾನುವಾರದ ಜಗಳದಲ್ಲಿ. ಕೂಲಿ ಮಾಡುವವರಿಗೆ ರಜ ಸಿಗುತ್ತಿದ್ದದ್ದೇ ಭಾನುವಾರ, ಮ್ಯೂಸಿಯಂ ಮುಚ್ಚಿರುತ್ತಿದ್ದದ್ದೂ ಭಾನುವಾರ! ಧರ್ಮಕ್ಕೆ ವಿರುದ್ಧ ಅಂತ ಕೆಲವು ದಾನಿಗಳ ತಕರಾರು, ಜನ ಬಂದು ಗಲಾಟೆ ಮಾಡುತ್ತಾರೆ ಅಂತ ಇನ್ನು ಕೆಲವರ ಹೆದರಿಕೆ. ಸಾವಿರಾರು ಜನ ಸಹಿ ಹಾಕಿ ಅರ್ಜಿ ಕೊಟ್ಟು ಒತ್ತಾಯ ಮಾಡಿದ ಮೇಲೆ, 1891ರ ಮೇ 31ರಂದು, ಭಾನುವಾರ ಬಾಗಿಲು ತೆರೆಯಿತು. ನನ್ನ ಪ್ರಕಾರ ಮೆಟ್ ನಿಜವಾಗಿ ಊರಿನದ್ದಾದದ್ದು ಆವತ್ತು.

ಇನ್ನು ಮೊದಲ ನಿರ್ದೇಶಕ ಲುಯಿಜಿ ಪಾಲ್ಮಾ ದಿ ಚೆಸ್ನೋಲಾ. ಸೈಪ್ರಸ್‌ನಲ್ಲಿ ಅಮೆರಿಕದ ಕಾನ್ಸಲ್ (ಸರ್ಕಾರದ ಪ್ರತಿನಿಧಿ) ಆಗಿದ್ದಾಗ ಅಲ್ಲಿನ ಹಳೆ ಗೋರಿಗಳನ್ನು ಅಗೆಸಿ, ಸಿಕ್ಕಿದ್ದನ್ನು ಮ್ಯೂಸಿಯಂಗೇ ಮಾರಿದವರು. ಬೇರೆ ಬೇರೆ ಮೂರ್ತಿಗಳ ಕೈಕಾಲು ತಲೆ ಜೋಡಿಸಿ ಒಂದು ಮಾಡಿದ್ದಾರೆ ಅಂತ 1880ರಲ್ಲಿ ಒಬ್ಬ ವ್ಯಾಪಾರಿ ಆರೋಪ ಮಾಡಿದರು. ಕೇಸ್ ಕೋರ್ಟಿಗೆ ಹೋಯಿತು, 1884ರಲ್ಲಿ ಚೆಸ್ನೋಲಾ ಗೆದ್ದರು. ಟ್ರಸ್ಟಿಗಳು ಕೊನೆವರೆಗೂ ಅವರ ಬೆನ್ನಿಗೇ ನಿಂತರು, 1904ರಲ್ಲಿ ಸಾಯುವವರೆಗೂ ಅವರೇ ನಿರ್ದೇಶಕರು.

ಚೀಟಿ ಓದುವವಳು:

ನಾನು ಚಿತ್ರದ ಪಕ್ಕದ ಚೀಟಿಯ ಕೊನೆ ಸಾಲು ಬಿಡದೆ ಓದುತ್ತೇನೆ. ಯಾರು ಕೊಟ್ಟರು, ಯಾವ ನಿಧಿಯಿಂದ ಕೊಂಡರು, ಯಾವ ವರ್ಷ, ಎಲ್ಲಾ ಅಲ್ಲಿರುತ್ತದೆ. ಜೊತೆಗಿರುವ ನಂಬರ್ ಶುರುವಾಗೋದೇ ವಸ್ತು ಬಂದ ವರ್ಷದಿಂದ. ಈಜಿಪ್ಟ್‌ನ ಆ ಪುಟ್ಟ ನೀಲಿ ನೀರಾನೆ, ವಿಲಿಯಂ ಅಂತ ಎಲ್ಲರೂ ಕರೆಯುತ್ತಾರಲ್ಲ, ಅದರ ನಂಬರ್ 17.9.1. ಅಂದರೆ 1917. ಸುಮಾರು 20 ಸೆಂಟಿಮೀಟರ್ ಉದ್ದ, ಮೈ ತುಂಬಾ ತಾವರೆ ಬಿಡಿಸಿದ್ದಾರೆ, ನಾಲ್ಕರಲ್ಲಿ ಮೂರು ಕಾಲು ಆಮೇಲೆ ಜೋಡಿಸಿದ್ದು. ಕೊಟ್ಟವರು ಎಡ್ವರ್ಡ್ ಹಾರ್ಕ್‌ನೆಸ್. ಅವರ ಮನೆಯ ದುಡ್ಡು ಸ್ಟ್ಯಾಂಡರ್ಡ್ ಆಯಿಲ್ ಅನ್ನುವ ಪೆಟ್ರೋಲಿಯಂ ಕಂಪನಿಯದ್ದು. ಚೀಟಿಯಲ್ಲಿ ಹೆಸರಿದೆ, ಎಣ್ಣೆಯ ಮಾತಿಲ್ಲ.

"ರಾಜರ್ಸ್ ಫಂಡ್" ಅಂತ ನೂರಾರು ಕಡೆ ಸಿಗುತ್ತದೆ. ಜೇಕಬ್ ರಾಜರ್ಸ್ ನ್ಯೂಜೆರ್ಸಿಯಲ್ಲಿ ರೈಲ್ವೆ ಎಂಜಿನ್ ಮಾಡುತ್ತಿದ್ದವರು, ವರ್ಷಕ್ಕೆ 10 ಡಾಲರ್ ಕೊಡುವ ಸಾಮಾನ್ಯ ಸದಸ್ಯ. 1901ರಲ್ಲಿ ತೀರಿಕೊಂಡಾಗ ಉಯಿಲು ತೆರೆದು ನೋಡಿದರೆ ಹತ್ತಿರ ಹತ್ತಿರ 50 ಲಕ್ಷ ಡಾಲರ್ ಮ್ಯೂಸಿಯಂ ಹೆಸರಿಗೆ! ಯಾರೂ ನಿರೀಕ್ಷೆ ಮಾಡಿರಲಿಲ್ಲ. ಇವತ್ತಿಗೂ ಆ ನಿಧಿಯ ಹೆಸರು ಜೀವಂತ ಇದೆ.

ನನಗೆ ಜಾಸ್ತಿ ಕಾಡುವುದು ಹ್ಯಾವ್‌ಮೆಯರ್ ದಂಪತಿ. ಹೆನ್ರಿ ಸಕ್ಕರೆ ಟ್ರಸ್ಟಿನ, ಅಂದರೆ ಸಕ್ಕರೆ ಕಂಪನಿಗಳ ಕೂಟದ, ದೊರೆ. ಅವರ ಕಂಪನಿಯ ಹಡಗುಕಟ್ಟೆಯಲ್ಲಿ, ಸುಂಕ ಕಡಿಮೆ ಕಟ್ಟೋಕೆ ಅಂತ, ತಕ್ಕಡಿಗಳೊಳಗೆ ಸಣ್ಣ ತಂತಿ ತೂರಿಸಿ ತೂಕ ಇಳಿಸುತ್ತಿದ್ದದ್ದು 1907ರಲ್ಲಿ ಸಿಕ್ಕಿಬಿತ್ತು. ಕಂಪನಿ 20 ಲಕ್ಷ ಡಾಲರ್‌ಗೂ ಹೆಚ್ಚು ಕಟ್ಟಬೇಕಾಯಿತು. ಅದೇ ವರ್ಷ ಹೆನ್ರಿ ತೀರಿಕೊಂಡರು. ಅವರ ಹೆಂಡತಿ ಲೂಯಿಸಿನ್, ಚಿತ್ರಕಾರ್ತಿ ಗೆಳತಿ ಮೇರಿ ಕಸಾಟ್ ಮಾತು ಕೇಳಿ ಫ್ರೆಂಚ್ ಕಲಾವಿದರಾದ ದೆಗಾ, ಮೊನೆ, ಸೆಜಾನ್ ಅವರ ಚಿತ್ರಗಳನ್ನು ಕೊಂಡವರು, ಹೆಂಗಸರಿಗೆ ಮತದಾನದ ಹಕ್ಕು ಬೇಕು ಅಂತ ಹೋರಾಡಿ 1919ರಲ್ಲಿ ಜೈಲಿಗೂ ಹೋದವರು. 1929ರಲ್ಲಿ ಆ ಸಂಗ್ರಹ ಮೆಟ್‌ಗೆ ಬಂತು. ಅವರ ಚಿತ್ರಗಳಿಲ್ಲದ ಮೆಟ್ ನನಗೆ ಊಹಿಸೋಕೂ ಆಗಲ್ಲ. ಆ ತಕ್ಕಡಿಯನ್ನು ಮರೆಯೋಕೂ ಆಗಲ್ಲ.

ಮೂರನೇ ಕಂಬ:

ಕ್ಷಮಿಸಿ, ಇಲ್ಲಿ ಎಲ್ಲರೂ ದಾನಿಗಳ ಬಗ್ಗೆ ಸ್ವಲ್ಪ ಮೆತ್ತಗಾಗುತ್ತಿದ್ದೀರಿ. ಕೊಡುವುದಕ್ಕೆ ಕಾರಣಗಳಿದ್ದವು. ಹಳೆ ಕಲಾಕೃತಿಗಳ ಮೇಲಿನ ಆಮದು ಸುಂಕ ಅಮೆರಿಕದಲ್ಲಿ ಹೋದದ್ದು 1909ರಲ್ಲಿ. ಮೆಟ್‌ನ ಅಧ್ಯಕ್ಷರೇ ಆಗಿದ್ದ ಬ್ಯಾಂಕರ್ ಜೆ. ಪಿ. ಮಾರ್ಗನ್ ಲಂಡನ್‌ನಲ್ಲಿ ಇಟ್ಟಿದ್ದ ತಮ್ಮ ಸಂಗ್ರಹವನ್ನು ನ್ಯೂಯಾರ್ಕಿಗೆ ಸಾಗಿಸಿದ್ದು ಅದಾದ ಮೇಲೆಯೇ. 1917ರಿಂದ ದಾನಕ್ಕೆ ಆದಾಯ ತೆರಿಗೆಯಲ್ಲಿ ರಿಯಾಯಿತಿಯೂ ಬಂತು. ತೆರಿಗೆಯಲ್ಲಿ ಬಿಟ್ಟುಕೊಟ್ಟ ದುಡ್ಡು ಜನರದ್ದು, ಗೋಡೆ ಮೇಲಿನ ಹೆಸರು ಮಾತ್ರ ದಾನಿಯದ್ದು.

ಔಷಧಿ ವ್ಯಾಪಾರದ ಸ್ಯಾಕ್ಲರ್ ಮನೆತನದ ವಿಷಯ ನೋಡಿ. ಈಜಿಪ್ಟ್ ಕೊಟ್ಟ ಡೆಂಡೂರ್ ದೇವಾಲಯಕ್ಕಾಗಿ 1978ರಲ್ಲಿ ತೆರೆದ ವಿಭಾಗಕ್ಕೆ ಆ ಮೂವರು ಅಣ್ಣತಮ್ಮಂದಿರ ಹೆಸರಿತ್ತು. ಅಣ್ಣ ಆರ್ಥರ್‌ಗೆ ಮ್ಯೂಸಿಯಂನೊಳಗೇ ಸ್ವಂತ ಸಂಗ್ರಹ ಇಡೋಕೆ ಒಂದು ಜಾಗ ಬಿಟ್ಟುಕೊಟ್ಟಿದ್ದರು, ಹೊರಗಿನವರಿಗೆ ಸುಳಿವೇ ಇರಲಿಲ್ಲ. ಮುಂದೆ ಅದೆಲ್ಲ ನಮಗೇ ಬರುತ್ತದೆ ಅನ್ನುವ ಆಸೆ ಮ್ಯೂಸಿಯಂನವರದ್ದು. ಆದರೆ ಆರ್ಥರ್ ಸಾವಿರ ವಸ್ತುಗಳನ್ನು ವಾಷಿಂಗ್ಟನ್‌ನ ಸ್ಮಿತ್‌ಸೋನಿಯನ್‌ಗೆ ಕೊಟ್ಟುಬಿಟ್ಟರು! ಅವರು 1987ರಲ್ಲೇ ತೀರಿಕೊಂಡರು, ಜನರಿಗೆ ಚಟ ಹಿಡಿಸಿದ ನೋವಿನ ಮಾತ್ರೆ ಆಕ್ಸಿಕಾಂಟಿನ್ ಬಂದದ್ದು 1996ರಲ್ಲಿ, ಆ ವ್ಯತ್ಯಾಸ ಹೇಳಲೇಬೇಕು. ಆದರೆ ತಮ್ಮಂದಿರ ಮನೆಯವರದ್ದೇ ಆ ಮಾತ್ರೆಯ ಕಂಪನಿ. 2018ರಲ್ಲಿ ಛಾಯಾಗ್ರಾಹಕಿ ನ್ಯಾನ್ ಗೋಲ್ಡಿನ್ ಮತ್ತು ಜೊತೆಗಾರರು ಆ ದೇವಾಲಯದ ಮುಂದಿನ ಕೊಳಕ್ಕೆ ಖಾಲಿ ಮಾತ್ರೆ ಡಬ್ಬಿಗಳನ್ನು ಎಸೆದು ನೆಲದ ಮೇಲೆ ಮಲಗಿದರು. ಹೆಸರು ತೆಗೆದದ್ದು 2021ರ ಡಿಸೆಂಬರಿನಲ್ಲಿ. ಹೊರಗಿನವರು ಗಲಾಟೆ ಮಾಡದೆ ಒಳಗಿನವರು ತಾವಾಗಿ ಇದನ್ನು ಮಾಡುತ್ತಿದ್ದರಾ? ನನಗೆ ನಂಬಿಕೆ ಇಲ್ಲ.

ನೀಲಿಗೋಡೆ:

ಎಲ್ಲರಿಗೂ ಥ್ಯಾಂಕ್ಸ್. ಮೂರನೇ ಕಂಬ ಅವರೇ, ಹಾಗಾದರೆ ದುಡ್ಡಿನ ಮೂಲ ಜಾಸ್ತಿ ಮುಖ್ಯವೋ, ವಸ್ತುವಿನ ಮೂಲವೋ?

ಮೂರನೇ ಕಂಬ:

ನನಗೆ ವಸ್ತುವಿನದ್ದೇ. ದುಡ್ಡಿಗೆ ಹೆಸರು ಅಳಿಸಬಹುದು, ಕದ್ದ ವಸ್ತುವನ್ನು ವಾಪಸ್ಸೇ ಕೊಡಬೇಕು. ಯೂಫ್ರೋನಿಯಸ್ ಅನ್ನುವ ಪ್ರಾಚೀನ ಕಲಾವಿದ ಚಿತ್ರ ಬರೆದ ಗ್ರೀಕ್ ಕಲಶವನ್ನು 1972ರಲ್ಲಿ 10 ಲಕ್ಷ ಡಾಲರ್ ಕೊಟ್ಟು ತಂದರು, ಅದು ಇಟಲಿಯ ಗೋರಿಯಿಂದ ಕದ್ದದ್ದು ಅಂತ ಒಪ್ಪಿ ಕಳಿಸಿಕೊಡುವಷ್ಟರಲ್ಲಿ 2008 ಆಯಿತು. 2017ರಲ್ಲಿ ಕೊಂಡ ಈಜಿಪ್ಟ್‌ನ ಚಿನ್ನದ ಶವಪೆಟ್ಟಿಗೆ 2019ರಲ್ಲೇ ವಾಪಸ್ ಹೋಯಿತು. 2023ರಲ್ಲಿ ಭಾರತದ 15 ಶಿಲ್ಪಗಳನ್ನು ಹಿಂದಿರುಗಿಸುವುದಾಗಿ ಹೇಳಿದರು, ಅವೆಲ್ಲ ಒಂದಲ್ಲ ಒಂದು ಹಂತದಲ್ಲಿ ವಿಗ್ರಹ ಕಳ್ಳಸಾಗಣೆಯಲ್ಲಿ ಸಿಕ್ಕಿಬಿದ್ದ ಸುಭಾಷ್ ಕಪೂರ್ ಅನ್ನುವ ವ್ಯಾಪಾರಿಯ ಕೈ ದಾಟಿದ್ದವು.

ಚೀಟಿ ಓದುವವಳು:

ಇದನ್ನು ಒಪ್ಪುತ್ತೇನೆ. ನೀಲಿಗೋಡೆ ಅವರೇ, ಮೆಟ್‌ನ ವೆಬ್‌ಸೈಟಿನಲ್ಲಿ ಎಷ್ಟೋ ವಸ್ತುಗಳ ಕೆಳಗೆ ಯಾರಿಂದ ಯಾರಿಗೆ ಹೋಯಿತು ಅನ್ನುವ ವಿವರ ಇದೆ. ನಿಮಗೆ ಇಷ್ಟವಾದ ಒಂದು ವಸ್ತು ಹಿಡಿದು ಹಿಂದಕ್ಕೆ ಓದುತ್ತಾ ಹೋಗಿ. ನಡುವೆ 30–40 ವರ್ಷ ಸುಮ್ನೆ ಖಾಲಿ ಬಿಟ್ಟಿದ್ದರೆ, ಅಲ್ಲಿ ನಿಂತು ಪ್ರಶ್ನೆ ಕೇಳಿ.